ಮಂಜು ಒರೆಸುವ ಫೋನು

ವಾಲ್ಪಾರೈಗೆ ಹೋಗುವವರು ಮಂಜು ನೋಡಲೆಂದೇ ಹೋಗುತ್ತಾರೆ. ಆಳಿಯಾರಿನಿಂದ 40 ಹೇರ್‌ಪಿನ್ ತಿರುವು ಹತ್ತಿ, ಹೊಟ್ಟೆ ತೊಳಸಿಕೊಂಡು, ಸುಮಾರು 3,500 ಅಡಿ ಎತ್ತರದ ಆ ಊರು ಮುಟ್ಟಿದರೆ ಎದುರಿನ ಟೀ ತೋಟ ಈಗ ಕಂಡದ್ದು ಇನ್ನೊಂದು ಗಳಿಗೆಗೆ ಇಲ್ಲ. ನನ್ನ ಹೊಸ ಫೋನಿನ ಕಣ್ಣಿಗೆ ಮಾತ್ರ ಅದು ಮಂಜಲ್ಲ, ಕೊಳೆ. ಬಟನ್ ಒತ್ತುವಾಗ ಪರದೆಯಲ್ಲಿದ್ದ ಬೂದು ಬಿಳುಪು ಮರುಕ್ಷಣ ಮಾಯ. ಟೀ ಗಿಡಗಳಿಗೆ ಪೇಂಟಿನ ಹಸಿರು, ಇಲ್ಲದ ಆಕಾಶಕ್ಕೆ ಒಂದಿಷ್ಟು ನೀಲಿ. ಸಾಲದ್ದಕ್ಕೆ ಕೆಳಗೊಂದು ಪ್ರಶ್ನೆ: ಇನ್ನಷ್ಟು ಚೆಂದ ಮಾಡಲೇ?

"ಚೆನ್ನಾಗೇ ಬಂದಿದೆಯಲ್ಲೋ, ನಿಂದೇನು ತಕರಾರು?" ಅಂದರು ಭಾವ.

ಕ್ಯಾಮೆರಾ ಊಹೆ ಮಾಡುವುದು ಹೊಸದೇನಲ್ಲ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಬಣ್ಣದ ಜಾಲರಿಯೇ ಇವತ್ತಿಗೂ ಹೆಚ್ಚಿನ ಡಿಜಿಟಲ್ ಕ್ಯಾಮೆರಾಗಳಲ್ಲಿದೆ. ಅದರಲ್ಲಿ ಒಂದೊಂದು ಚುಕ್ಕೆ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನಷ್ಟೇ ಅಳೆಯುತ್ತದೆ. ಉಳಿದೆರಡನ್ನು ಅಕ್ಕಪಕ್ಕದವರನ್ನು ವಿಚಾರಿಸಿ ಲೆಕ್ಕ ಹಾಕಬೇಕು. ಫೋನಿನ ಪುಟ್ಟ ಸೆನ್ಸರಿಗೆ ಬೆಳಕು ಸಾಲದು, ಹಾಗಾಗಿ ಹಲವು ಚಿತ್ರ ತೆಗೆದು ಬೆಸೆಯುತ್ತದೆ. ಇಲ್ಲಿಯವರೆಗೆ ನನಗೆ ಜಗಳವಿಲ್ಲ. ಅಕ್ಕಪಕ್ಕ ಬಿಟ್ಟು, ಎಲ್ಲೆಲ್ಲಿಯದೋ ಚಿತ್ರಗಳಿಂದ ಕಲಿತದ್ದನ್ನು ತಂದು ತುಂಬತೊಡಗಿದಾಗಲೇ ಕಿರಿಕಿರಿ. 2023ರ ಮಾರ್ಚಿನಲ್ಲಿ ಒಬ್ಬರು ಚಂದ್ರನ ಚಿತ್ರವನ್ನು ಬೇಕೆಂದೇ ಮಸುಕು ಮಾಡಿ ಕಂಪ್ಯೂಟರ್ ಪರದೆಯ ಮೇಲಿಟ್ಟು, ಕತ್ತಲಕೋಣೆಯಲ್ಲಿ ದೂರ ನಿಂತು ಸ್ಯಾಮ್‌ಸಂಗ್ ಫೋನಿನಿಂದ ಸೆರೆಹಿಡಿದರು. ಪರದೆಯ ಮೇಲೆ ಇಲ್ಲದ ಕಲೆಗಳೂ ಕುಳಿಗಳೂ ಫೋಟೊದಲ್ಲಿ ಹಾಜರ್!

ಚಂದ್ರ ಹೋಗಲಿ, ಎಲ್ಲರಿಗೂ ಇರುವುದೊಂದೇ. ಪುದುತ್ತೋಟ್ಟಂ ಎಸ್ಟೇಟಿನ ಹತ್ತಿರ ರಸ್ತೆಬದಿಯ ಮರದಲ್ಲಿ ಸಿಂಗಳೀಕಗಳ ಗುಂಪಿತ್ತು. ಭಾವನ ದುರ್ಬೀನಿನಲ್ಲಿ ಒಂದರ ಮೇಲ್ತುಟಿಯ ಹಳೇ ಸೀಳು ಸ್ಪಷ್ಟವಾಗಿ ಕಾಣುತ್ತಿತ್ತು. ಮಳೆಗೆ ನೆನೆದ ಬೂದು ಕೇಸರ ಒಂದು ಕಡೆಗೆ ಅಂಟಿಕೊಂಡು ಮುಖ ಸೊಟ್ಟಗಿತ್ತು. ಜೂಮ್ ಮಾಡಿ ತೆಗೆದೆ. ಫೋಟೊದಲ್ಲಿ ಕೇಸರದ ಎಳೆ ಎಳೆಯೂ ಬಾಚಿಟ್ಟಂತೆ ನಿಂತಿದೆ, ತುಟಿ ಕೂಡಿಕೊಂಡಿದೆ. ಅದು ಸಿಂಗಳೀಕವೇ ಸರಿ, ಆದರೆ ಆ ಸಿಂಗಳೀಕವಲ್ಲ. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಅವರ ಶಿಷ್ಯರು ಈ ಆನೈಮಲೈ ಸೀಮೆಯ ಸಿಂಗಳೀಕಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಭ್ಯಾಸ ಮಾಡಿದವರು. ಅಂಥ ಕೆಲಸದಲ್ಲಿ ಒಂದು ಕೋತಿಯ ಗುರುತು ಹಿಡಿಯಲು ನೆರವಾಗುವುದೇ ಹರಿದ ಕಿವಿ, ಸೀಳಿದ ತುಟಿ.

ಸೆಟ್ಟಿಂಗ್ಸಿಗೆ ಹೋಗಿ ಇದ್ದಬದ್ದ ಎಐಗಳನ್ನೆಲ್ಲ ಆರಿಸಿದೆ. ಅಪ್‌ಡೇಟ್ ಆದದ್ದೇ ತಡ, ಎಲ್ಲ ಮತ್ತೆ ಎದ್ದು ಕೂತವು. ಫೋನು ಆಫ್ ಮಾಡೋಣವೆಂದು ಪವರ್ ಬಟನ್ ಒತ್ತಿಹಿಡಿದರೆ "ಏನು ಸಹಾಯ ಬೇಕು?" ಅನ್ನುತ್ತದೆ.

ಇದೇ ಊರಲ್ಲಿ ಫೋನು ನಿಜವಾದ ಉಪಕಾರವನ್ನೂ ಮಾಡಿದೆ. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನವರು ಆನೆ ಯಾವ ಎಸ್ಟೇಟಿನಲ್ಲಿದೆ ಎಂದು ಊರವರಿಗೆ ಎಸ್ಸೆಮ್ಮೆಸ್ ಕಳಿಸುವ ಏರ್ಪಾಡು ಮಾಡಿದರು. ಎತ್ತರದ ಜಾಗಗಳಲ್ಲಿ ಕೆಂಪು ದೀಪ ಹಾಕಿದರು. ಆನೆ ಕಂಡರೆ ಊರವರೇ ಮೊಬೈಲಿನಿಂದ ಹೊತ್ತಿಸಬಹುದು. ಕತ್ತಲಾದ ಮೇಲೆ ಬಸ್ಸಿಳಿದು ಲೈನ್ ಮನೆಗೆ ನಡೆದುಹೋಗುವವರಿಗೆ ಎರಡು ಸಾಲಿನ ಆ ಸಂದೇಶ ಸಾಕು. ಅದನ್ನೂ ಚುಟುಕು ಮಾಡಿಕೊಡುತ್ತೇನೆಂದು ಈಗಿನ ಫೋನು ಮುಂದೆ ಬಂದರೆ? 2024ರ ಡಿಸೆಂಬರಿನಲ್ಲಿ ಆಪಲ್ ಫೋನುಗಳು ಸುದ್ದಿಯನ್ನು ಹೀಗೇ ಚುಟುಕು ಮಾಡಲು ಹೋಗಿ ಬಿಬಿಸಿಯ ಹೆಸರಿನಲ್ಲಿ ಸುಳ್ಳು ಸುದ್ದಿ ತೋರಿಸಿದವು. ಕಂಪನಿ ಮರುತಿಂಗಳು ಸುದ್ದಿಗಳ ಮಟ್ಟಿಗೆ ಅದನ್ನು ನಿಲ್ಲಿಸಿತು. ಎಸ್ಟೇಟಿನ ಹೆಸರು ತಪ್ಪಾದರೆ ಆನೆ ಮರುತಿಂಗಳ ತನಕ ಕಾಯುತ್ತದೆಯೇ?