ತಾಮ್ರಪರ್ಣಿ ದಡದ ಚಾಪೆ

ಮಳೆಗಾಲ ಬಂತೆಂದರೆ ನಮ್ಮ ಅಂಗಳದಲ್ಲಿ ಕೊನ್ನಾರಿ ಗೆಡ್ಡೆಯ ಕಾಟ. ಎಷ್ಟು ಕಿತ್ತರೂ ಗೆಡ್ಡೆ ಮಣ್ಣಿನಲ್ಲೇ ಉಳಿದು, ವಾರ ಕಳೆಯುವುದರೊಳಗೆ ಮತ್ತೆ ತಲೆಯೆತ್ತುತ್ತದೆ. ‘ಈ ಹುಲ್ಲಿಗೆ ಸಾವೇ ಇಲ್ಲ’ ಎಂದು ಗೊಣಗುತ್ತಾ ಕೀಳುವವರಲ್ಲಿ ನಾನೂ ಒಬ್ಬಳು. ಅದು ಹುಲ್ಲೇ ಅಲ್ಲ ಎಂದು ನನಗೆ ತಿಳಿದದ್ದು ಕಳೆದ ವರ್ಷ, ತಮಿಳುನಾಡಿನ ಪತ್ತಮಡೈ ಎಂಬ ಊರಿಗೆ ಹೋದಾಗ.

ಪತಿಯ ಗೆಳೆಯರ ಮಗಳ ಮದುವೆಗೆಂದು ತಿರುನೆಲ್ವೇಲಿಗೆ ಹೋಗಿದ್ದೆವು. ಮದುವೆ ಮನೆಯಲ್ಲಿ ವಧೂವರರ ಹೆಸರು ನೇಯ್ದ ಚಾಪೆಯೊಂದಿತ್ತು. ದೂರದಿಂದ ರೇಷ್ಮೆ ಎಂದುಕೊಂಡೆ. ಮುಟ್ಟಿ ನೋಡಿದರೆ ಹುಲ್ಲಿನದ್ದು! ‘ಪತ್ತಮಡೈಯದು, ಬಸ್ಸಿನಲ್ಲಿ ಹೋಗಿ ಬರಬಹುದು’ ಎಂದರು ಮನೆಯವರು. ಮರುದಿನ ಅವರ ಸೊಸೆಯನ್ನು ಜೊತೆಗೆ ಕರೆದುಕೊಂಡು ಹೊರಟೆ. ಆಕೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವಳು.

ದಾರಿಯುದ್ದಕ್ಕೂ ತಾಮ್ರಪರ್ಣಿಯ ನೀರುಣ್ಣುವ ಗದ್ದೆಗಳು, ಬಾಳೆ ತೋಟಗಳು. ಬಸ್ಸಿಳಿದು ಕಾಲುವೆಯ ಬದಿಯಲ್ಲಿ ನಡೆಯುವಾಗ ಆಕೆ ನೀರಿನಂಚಿನ ಒಂದು ದಂಟು ಕಿತ್ತು ನನ್ನ ಕೈಗೆ ಕೊಟ್ಟು, ‘ಬೆರಳ ನಡುವೆ ಹೊರಳಿಸಿ ನೋಡಿ ಅಕ್ಕ’ ಎಂದಳು. ಹೊರಳಲಿಲ್ಲ, ಮೂರು ಏಣುಗಳು ಬೆರಳಿಗೆ ತಾಗಿದವು. ಹುಲ್ಲಿನ ದಂಟು ಸಾಮಾನ್ಯವಾಗಿ ದುಂಡಗೆ, ಒಳಗೆ ಟೊಳ್ಳು, ಗೆಣ್ಣು ಗೆಣ್ಣಾಗಿರುತ್ತದೆ. ಜೊಂಡಿನ ಜಾತಿಯದು ಹೆಚ್ಚಾಗಿ ಮೂರು ಮೂಲೆಯದು, ಒಳಗೆ ತಿರುಳು ತುಂಬಿರುತ್ತದೆ, ಗೆಣ್ಣಿಲ್ಲ. ಎರಡೂ ಬೇರೆ ಬೇರೆ ಕುಟುಂಬ.

ನಮ್ಮ ದೇಶದಲ್ಲಿ ಹುಲ್ಲಿನ ಕುಟುಂಬದ ಸಸ್ಯಗಳೇ ಸಾವಿರಕ್ಕೂ ಹೆಚ್ಚು ಬಗೆ, ಜೊಂಡಿನ ಕುಟುಂಬದವು ಐನೂರರ ಆಸುಪಾಸು. ನಾವು ಉಣ್ಣುವ ಅಕ್ಕಿ, ಗೋಧಿ, ರಾಗಿ, ಜೋಳ, ಚಹಾಕ್ಕೆ ಹಾಕುವ ಸಕ್ಕರೆಯ ಕಬ್ಬು, ಬಟ್ಟೆಯ ಪೆಟ್ಟಿಗೆಯಲ್ಲಿಡುವ ಲಾವಂಚ, ಕೊನೆಗೆ ಏಣಿ ಮಾಡುವ ಬಿದಿರು ಕೂಡ ಹುಲ್ಲೇ! ಜೊಂಡಿಗೆ ಅಷ್ಟು ಗೌರವ ಸಿಕ್ಕಿಲ್ಲ. ಗದ್ದೆಯಲ್ಲಿ ಅದು ಕಳೆ. ಅಂಗಳದ ಕೊನ್ನಾರಿಯೂ ಇದೇ ಕುಟುಂಬದ್ದು.

ಆದರೆ ಪತ್ತಮಡೈಯಲ್ಲಿ ಅನ್ನ ಕೊಡುವುದು ಈ ಜೊಂಡು. ತಮಿಳಿನಲ್ಲಿ ಅದಕ್ಕೆ ಕೋರೈ ಎನ್ನುತ್ತಾರೆ. ಇಲ್ಲಿ ನೇಯುವವರು ಹೆಚ್ಚಾಗಿ ಲಬ್ಬೈ ಮುಸ್ಲಿಮರು, ಅದರಲ್ಲೂ ಹೆಂಗಸರು.

ನಾವು ಹೋದ ಮನೆಯ ಉಮ್ಮನಿಗೆ ಎಪ್ಪತ್ತರ ಹತ್ತಿರ ವಯಸ್ಸು. ಬ್ಯಾರಿ ಮಾತಾಡುವ ನನಗೆ ಅವರ ತಮಿಳು ಅರ್ಧ ತಿಳಿಯಿತು, ಉಳಿದದ್ದನ್ನು ಸೊಸೆ ಹೇಳಿದಳು. ಹಸಿ ಕೋರೈಯನ್ನು ಉದ್ದಕ್ಕೆ ಸೀಳಿ, ಒಳಗಿನ ಬಿಳಿ ತಿರುಳನ್ನು ತೆಗೆದು ಬಿಸಿಲಿಗೆ ಹಾಕುತ್ತಾರೆ. ಆಮೇಲೆ ಬೇಯಿಸಿ, ಹರಿಯುವ ನದಿ ನೀರಿನಲ್ಲಿ ಕೆಲವು ದಿನ ನೆನೆಹಾಕುತ್ತಾರೆ. ಕೋರೈ ಊದಿಕೊಂಡು ಮೆತ್ತಗಾಗುತ್ತದೆ. ಮತ್ತೆ ಒಣಗಿಸಿ ನೂಲಿನಷ್ಟು ಸಣ್ಣಗೆ ಸೀಳುವುದು, ಬಣ್ಣ ಹಾಕುವುದು. ಹಿಂದೆ ಕೆಂಪಿಗೆ ಪತ್ತಂಗದ ಚಕ್ಕೆ ಕುದಿಸುತ್ತಿದ್ದರು. ನೆಲಮಟ್ಟದ ಮಗ್ಗದಲ್ಲಿ ಹತ್ತಿಯ ಹಾಸುನೂಲು ಕಟ್ಟಿ, ಉದ್ದನೆಯ ಕಡ್ಡಿಯಿಂದ ಕೋರೈಯ ಒಂದೊಂದೇ ಎಳೆಯನ್ನು ತೂರಿಸಬೇಕು. 100, 120 ಎಂದು ‘ಕೌಂಟ್’ ಲೆಕ್ಕವಿದೆ. ಅಂಕಿ ಏರಿದಷ್ಟೂ ನೇಯ್ಗೆ ನವಿರು, ದಿನಗಳೂ ಹೆಚ್ಚು. ತೀರಾ ನವಿರಾದ ಚಾಪೆಗೆ ವಾರಗಟ್ಟಲೆ ಕೂರಬೇಕು.

ಎಳೆ ಒಣಗಿದರೆ ಮುರಿಯುತ್ತದೆ. ಆದ್ದರಿಂದ ಉಮ್ಮ ಆಗಾಗ ಕೈಯಿಂದ ನೀರು ಚಿಮುಕಿಸುತ್ತಿದ್ದರು. ನನಗೆ ಅನಸ್(ರ)ರ ವರದಿಯೊಂದು ನೆನಪಾಯಿತು. ಅವರ ಮನೆಗೆ ಊಟಕ್ಕೆ ಬಂದ ಪ್ರವಾದಿ(ಸ)ರು ನಮಾಝ್ ಮಾಡಿಸಲು ನಿಂತಾಗ, ಬಳಸಿ ಬಳಸಿ ಕಪ್ಪಾಗಿದ್ದ ಚಾಪೆಗೆ ಅನಸ್ ನೀರು ಚಿಮುಕಿಸಿ ಹಾಸಿದ್ದರಂತೆ. ಹೇಳಿದಾಗ ಉಮ್ಮ ಕೈ ನಿಲ್ಲಿಸಿ ಕೇಳಿದರು, ಏನೂ ಹೇಳಲಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ನಾನು ಚೌಕಾಸಿಗೆ ಇಳಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ‘ಹುಲ್ಲಿನ ಚಾಪೆಗೆ ಇಷ್ಟೊಂದಾ?’ ಎಂಬ ಮಾತು ಬಾಯಿಂದ ಬಂದೇ ಬಿಟ್ಟಿತು. ಉಮ್ಮ ಸಿಟ್ಟಾಗಲಿಲ್ಲ. ‘ಮಗಳೇ, ಹುಲ್ಲಿಗೆ ಕೇಳಿದ್ದಲ್ಲ, ಈ ಬೆನ್ನಿಗೆ ಕೇಳಿದ್ದು’ ಎಂದು ಸೊಂಟದ ಮೇಲೆ ಕೈಯಿಟ್ಟರು. ಕೇಳಿದಷ್ಟನ್ನೂ ಕೊಟ್ಟೆ.

ಪತ್ತಮಡೈ ಚಾಪೆಗೆ 2013ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ದೊರೆತಿದೆ. 1953ರಲ್ಲಿ ಇಂಗ್ಲೆಂಡಿನ ರಾಣಿ ಎಲಿಜಬೆತ್‌ರ ಪಟ್ಟಾಭಿಷೇಕಕ್ಕೆ ಇಲ್ಲಿಂದ ಚಾಪೆ ಹೋಗಿತ್ತೆಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ಆದರೂ ಉಮ್ಮನ ಇಬ್ಬರು ಹೆಣ್ಣುಮಕ್ಕಳೂ ಮಗ್ಗಕ್ಕೆ ಕೂತಿಲ್ಲ. ಒಬ್ಬಳು ಬಟ್ಟೆ ಅಂಗಡಿಯಲ್ಲಿದ್ದಾಳೆ, ಇನ್ನೊಬ್ಬಳು ಬೀಡಿ ಕಟ್ಟುತ್ತಾಳೆ. ಬೀಡಿಯಲ್ಲಿ ವಾರಕ್ಕೊಮ್ಮೆ ದುಡ್ಡು ಕೈಗೆ ಬರುತ್ತದೆ, ಚಾಪೆ ಮಾರಾಟವಾಗುವವರೆಗೆ ಕಾಯಬೇಕು. ಅವರನ್ನು ದೂರುವುದು ಹೇಗೆ? ಅಗ್ಗದ ಪ್ಲಾಸ್ಟಿಕ್ ಚಾಪೆ ಸಂತೆ ಸಂತೆಯಲ್ಲೂ ಸಿಗುತ್ತದೆ. ನಮ್ಮ ಮನೆಯಲ್ಲೂ ಮೂರಿವೆ.

ಜೊಂಡನ್ನು ನಂಬಿದವರು ಇಲ್ಲಿ ಮಾತ್ರವಲ್ಲ. ಪಶ್ಚಿಮ ಬಂಗಾಳದ ಮೇದಿನೀಪುರದಲ್ಲಿ ಇದೇ ಕುಲದ ಸಸ್ಯದಿಂದ ‘ಮಾದುರ್’ ನೇಯುತ್ತಾರೆ. ಅದರಲ್ಲಿ ಅತಿ ನವಿರಾದದ್ದಕ್ಕೆ ‘ಮಸ್ಲಂದ್’ ಎಂಬ ಹೆಸರು, ಪಾರ್ಸಿಯ ‘ಮಸ್ನದ್’ನಿಂದ ಬಂದದ್ದಂತೆ. ಮಣಿಪುರದಲ್ಲಿ ‘ಕೌನಾ’ ಎಂಬ ಇನ್ನೊಂದು ಜೊಂಡನ್ನು ಭತ್ತದಂತೆ ನೀರುಗದ್ದೆಯಲ್ಲೇ ನೆಟ್ಟು ಬೆಳೆಸಿ ಚಾಪೆ, ಬುಟ್ಟಿ ಮಾಡುತ್ತಾರೆ. ಇವೆಲ್ಲ ನನಗೆ ಹೊಸದು. ಸೊಸೆ ಬಸ್ಸಿನಲ್ಲಿ ಹೇಳುತ್ತಾ ಬಂದಳು.

ಹೊರಡುವಾಗ ಉಮ್ಮ ಎರಡು ಸಲ ಹೇಳಿದ್ದರು: ‘ಮಡಚಬೇಡ, ಸುರುಳಿ ಸುತ್ತು. ಕೊಳೆಯಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸು.’ ನಮ್ಮ ಕರಾವಳಿಯ ಮಳೆಗೆ ಬೂಸ್ಟು ಹಿಡಿಯದಿರಲೆಂದು ವಾರಕ್ಕೊಮ್ಮೆ ಬಿಡಿಸಿ ಗಾಳಿಗೆ ಹರಡುತ್ತೇನೆ. ಅಂಗಳದ ಕೊನ್ನಾರಿಯನ್ನು ಮಾತ್ರ ಈಗಲೂ ಕೀಳುತ್ತಲೇ ಇದ್ದೇನೆ, ದಂಟನ್ನು ಒಮ್ಮೆ ಬೆರಳಲ್ಲಿ ಹೊರಳಿಸಿ ನೋಡಿ.