ಮರುಭೂಮಿಯ ಛಾಯಾಚಿತ್ರಗಳು ಮತ್ತು ಅಚೌರ್ಯಾಣುವ್ರತ

ನಮ್ಮ ಭಾಷೆಯಲ್ಲಿ ಛಾಯಾಚಿತ್ರವನ್ನು ‘ತೆಗೆಯುತ್ತೇವೆ’. ಬಾವಿಯಿಂದ ನೀರನ್ನು, ಪೆಟ್ಟಿಗೆಯಿಂದ ಹಣವನ್ನು ತೆಗೆಯುವಂತೆಯೇ ಚಿತ್ರವನ್ನೂ ಎಲ್ಲಿಂದಲೋ ತೆಗೆಯುತ್ತೇವೆ. ತೆಗೆದದ್ದು ಯಾರದು, ಅದನ್ನು ಕೊಟ್ಟವರು ಯಾರು ಎಂಬ ಪ್ರಶ್ನೆ ಮಾತ್ರ ಸಾಮಾನ್ಯವಾಗಿ ಏಳುವುದಿಲ್ಲ. ಶ್ರಾವಕನ ಐದು ಅಣುವ್ರತಗಳಲ್ಲಿ ಮೂರನೆಯದಾದ ಅಚೌರ್ಯವನ್ನು ನಮ್ಮ ಆಚಾರ್ಯರು ಕನ್ನ ಹಾಕುವವನಿಗೆ ವಿಧಿಸಿದ ನಿಷೇಧವೆಂದಷ್ಟೇ ತಿಳಿಯಲಿಲ್ಲ; ಕೊಡದೆ ಇದ್ದುದನ್ನು ಸ್ವೀಕರಿಸುವುದೆಲ್ಲವನ್ನೂ ‘ಅದತ್ತಾದಾನ’ವೆಂದರು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ವಿವರಣೆಯಂತೂ ಇನ್ನೂ ಸೂಕ್ಷ್ಮವಾದುದು. ಪರರು ಇಟ್ಟದ್ದಾಗಲಿ, ಅವರಿಂದ ಬಿದ್ದದ್ದಾಗಲಿ, ಅವರು ಮರೆತದ್ದಾಗಲಿ, ಅವರು ಕೊಡದ ಹೊರತು ತಾನೂ ತೆಗೆದುಕೊಳ್ಳಬಾರದು, ಮತ್ತೊಬ್ಬರಿಗೂ ಕೊಡಬಾರದು ಎಂಬುದು ಅದರ ತಾತ್ಪರ್ಯ. ಹಾಗಾದರೆ ಬೀದಿಯಲ್ಲಿ ನಡೆಯುವವರ ಮುಖದ ಮೇಲೆ ಬಿದ್ದ ಬೆಳಕನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು?

ಈ ಪ್ರಶ್ನೆಯನ್ನು ನನ್ನ ಮುಂದೆ ನಿಲ್ಲಿಸಿದ್ದು ರಾಜಸ್ಥಾನದ ಮರುಭೂಮಿಯ ಯಾತ್ರೆ. ನಮ್ಮ ಊರಿನಲ್ಲಿ ಮೂರು ತಲೆಮಾರುಗಳಿಂದ ಬಟ್ಟೆಯ ವ್ಯಾಪಾರ ನಡೆಸಿಕೊಂಡು ಬಂದಿರುವ ಓಸವಾಲ ಕುಟುಂಬದ ಹಿರಿಯರೊಬ್ಬರು, ತಮ್ಮ ಮೂಲ ಸೀಮೆಯನ್ನು ಒಮ್ಮೆ ನೋಡಿ ಬನ್ನಿರೆಂದು ನಮ್ಮನ್ನು ಬಹುಕಾಲದಿಂದ ಕರೆಯುತ್ತಿದ್ದರು. ಊರಿನಲ್ಲಿ ಎಲ್ಲರೂ ಅವರನ್ನು ಸೇಠರೆಂದೇ ಕರೆಯುವುದರಿಂದ ನಾನೂ ಹಾಗೆಯೇ ಬರೆಯುತ್ತೇನೆ. ಫಾಲ್ಗುಣ ಮಾಸದ ಆರಂಭದಲ್ಲಿ ಹನ್ನೊಂದು ಮಂದಿ ಹುಬ್ಬಳ್ಳಿಯಿಂದ ಜೋಧಪುರದ ರೈಲು ಹತ್ತಿದೆವು. ಜೊತೆಯಲ್ಲಿ ನನ್ನ ಅಣ್ಣನ ಮಗನಿದ್ದ. ಅವನು ಛಾಯಾಚಿತ್ರ ಕಲೆಯನ್ನು ಶ್ರದ್ಧೆಯಿಂದ ಕಲಿತವನು. ಮೊಬೈಲಿನಲ್ಲಿ ಕಂಡದ್ದನ್ನೆಲ್ಲ ತುಂಬಿಕೊಳ್ಳುವ ಪೈಕಿಯಲ್ಲ.

ಮರುಭೂಮಿಯಲ್ಲಿ ಕ್ಯಾಮೆರಾದ ಮೊದಲ ವೈರಿ ಧೂಳು. ಫಲೋದಿಯ ರಸ್ತೆಯಲ್ಲಿ ಕಾರಿನ ಗಾಜು ಇಳಿಸಿದರೆ ಸಾಕು, ನವುರಾದ ಮರಳು ಪುಡಿ ಹುಬ್ಬು, ತುಟಿ, ಬುತ್ತಿಯ ರೊಟ್ಟಿ ಎಲ್ಲದರ ಮೇಲೂ ಕುಳಿತಿರುತ್ತದೆ. ಗಾಳಿಯಲ್ಲಿ ನಿಂತು ಮಸೂರವನ್ನು ಬದಲಿಸಲಾಗದು. ಮಸೂರದ ಮೇಲೆ ಕುಳಿತ ಕಣವನ್ನು ಬಟ್ಟೆಯಿಂದ ಉಜ್ಜಿದರೆ ಗಾಜಿಗೆ ಗೀರು ಬೀಳುವುದು. ಮೊದಲು ಊದಬೇಕು, ಅನಂತರ ಮೆತ್ತನೆಯ ಕುಂಚದಿಂದ ಸವರಿ ಸರಿಸಬೇಕು. ಅವನು ಹೀಗೆ ಮಾಡುವುದನ್ನು ನೋಡಿದ ನಮ್ಮ ತಂಡದ ಹಿರಿಯ ಅಕ್ಕನವರು, “ಮಹಾರಾಜರ ಪಿಂಛಿ ನೆನಪಾತು ನೋಡಪಾ” ಎಂದು ನಕ್ಕರು. ಆ ನಾಡಿನ ಬೆಳಕು ಹೊತ್ತೇರಿದ ಮೇಲೆ ಬೆಳ್ಳಗೆ ಸುಟ್ಟಂತಿರುತ್ತದೆ. ಸೂರ್ಯೋದಯದ ಒಂದು ಗಳಿಗೆ, ಸಂಜೆಯ ಒಂದು ಗಳಿಗೆ ಮಾತ್ರ ಹಳದಿ ಕಲ್ಲಿಗೂ ಮರಳಿಗೂ ಆಕಾರ ಬರುತ್ತದೆ. ಆದುದರಿಂದ ಚಿತ್ರಗಾರರೆಲ್ಲರೂ ಒಂದೇ ಹೊತ್ತಿನಲ್ಲಿ ಒಂದೇ ಕಡೆ ನುಗ್ಗುತ್ತಾರೆ.

ಫಲೋದಿಯ ಪಕ್ಕದ ಖೀಚನ್ ಗ್ರಾಮದಲ್ಲಿ ಅಂಥ ನೂಕುನುಗ್ಗಲನ್ನು ಕಂಡೆವು. ಕುರ್ಜಾ ಎಂದು ಅಲ್ಲಿಯವರು ಕರೆಯುವ, ಕ್ರೌಂಚ ಜಾತಿಯ ಬೂದು ಬಣ್ಣದ ಹಕ್ಕಿಗಳು ಮಂಗೋಲಿಯಾ ಮತ್ತು ಮಧ್ಯ ಏಷ್ಯಾದ ಕಡೆಯಿಂದ ಹಾರಿ ಬಂದು ಸಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ನೆಲೆಸುತ್ತವೆ. ಜೈನ ಬಂಧುಗಳಾದ ರತನ್‌ಲಾಲ್ ಮಾಲೂ ದಂಪತಿಗಳು 1970ರ ದಶಕದಲ್ಲಿ ಪಾರಿವಾಳಗಳಿಗೆಂದು ಚೆಲ್ಲುತ್ತಿದ್ದ ಕಾಳಿಗೆ ಕೆಲವು ಕುರ್ಜಾಗಳೂ ಬಂದವು. ವರ್ಷ ವರ್ಷವೂ ಬಳಗ ಬೆಳೆದು ಈಗ ಸಾವಿರ ಸಾವಿರ ಸಂಖ್ಯೆಯಲ್ಲಿ ಇಳಿಯುತ್ತವೆ. ಊರವರು ಬೇಲಿ ಹಾಕಿದ ‘ಚುಗ್ಗಾ ಘರ್’ನಲ್ಲಿ ರಾತ್ರಿಯೇ ಕಾಳು ಹರಡುತ್ತಾರೆ. 2025ರ ಜೂನ್‌ನಲ್ಲಿ ಈ ಸ್ಥಳ ರಾಮ್‌ಸಾರ್ ಪಟ್ಟಿಗೂ ಸೇರಿತು.

ಸುತ್ತಲ ಮಾಳಿಗೆಗಳ ಮೇಲೆ ನಸುಕಿನಿಂದಲೇ ಜನ ಸೇರಿದ್ದರು. ಹಕ್ಕಿಗಳು ಇಳಿದು ಮೇಯತೊಡಗಿದ ಮೇಲೆ, ಅವೆಲ್ಲ ಒಮ್ಮೆಲೇ ಎದ್ದು ಹಾರುವ ದೃಶ್ಯ ಬೇಕೆಂದು ಒಬ್ಬ ಪ್ರವಾಸಿಗರು ಗಟ್ಟಿಯಾಗಿ ಚಪ್ಪಾಳೆ ತಟ್ಟಿದರು. ಮಾಳಿಗೆಯ ಒಡೆಯರಾದ ವೃದ್ಧರು ಬಂದು ಅವರ ಎರಡು ಕೈಗಳನ್ನೂ ಮೆಲ್ಲನೆ ಹಿಡಿದುಕೊಂಡು, ಹಕ್ಕಿಗಳು ಮತ್ತೆ ಇಳಿಯುವ ತನಕ ಬಿಡಲೇ ಇಲ್ಲ. ಒಂದು ಬೈಗುಳವಿಲ್ಲ. ಸೇಠರು ಅವರ ಮಾತನ್ನು ನಮಗೆ ಹೇಳಿದರು: ಇನ್ನು ಕೆಲವೇ ದಿನಗಳಲ್ಲಿ ಇವು ಸಾವಿರಾರು ಮೈಲಿ ಹಾರಬೇಕು, ಹೊಟ್ಟೆ ತುಂಬಿಸಿಕೊಳ್ಳುವ ಹೊತ್ತಿನಲ್ಲಿ ಎಬ್ಬಿಸಿದರೆ ತಿಂದದ್ದೆಲ್ಲ ಇಲ್ಲಿಯೇ ಕರಗಿಹೋಗುತ್ತದೆ. ಊರವರು ಕೊಟ್ಟ ಕಾಳನ್ನು ಹಕ್ಕಿಯ ಹೊಟ್ಟೆಯಿಂದ ಹಿಂತೆಗೆದುಕೊಂಡು ಆಗುವ ಚಿತ್ರವದು. ಕಾದವರಿಗೂ ಆ ದೃಶ್ಯ ಕೊನೆಗೆ ಸಿಕ್ಕಿತು. ಮೇವು ಮುಗಿಸಿ ಅವು ತಾವಾಗಿಯೇ ಎದ್ದುವು.

ಖೀಚನ್ನಿನಿಂದ ಜೈಸಲ್ಮೇರದ ಕಡೆಗೆ ಸಾಗುವಾಗ ಒಂದು ಢಾಣಿಯ ಹತ್ತಿರ ಕಾರು ನಿಲ್ಲಿಸಿದೆವು. ಒಂದು ಖೇಜಡಿ ಮರ (ನಮ್ಮ ದಸರೆಯ ಬನ್ನಿಯೇ ಅದು), ಅದರಾಚೆಗೆ ಟಾಂಕಾ ಎಂಬ ನೆಲದೊಳಗಿನ ಮಳೆನೀರಿನ ತೊಟ್ಟಿ. ತೊಟ್ಟಿಯ ಬಾಯಿಗೆ ಕಬ್ಬಿಣದ ಮುಚ್ಚಳ, ಮುಚ್ಚಳಕ್ಕೆ ಬೀಗ. ಕೆಂಪು ಓಢಣಿಯ ತಾಯಿಯೊಬ್ಬರು ಬೀಗ ತೆಗೆದು ನೀರು ಸೇದುತ್ತಿದ್ದರು. ಸಂಜೆಯ ಬೆಳಕು ಹಗ್ಗದ ಮೇಲೂ ಕೊಡದ ಮೇಲೂ ಓರೆಯಾಗಿ ಬಿದ್ದಿತ್ತು. ನಮ್ಮ ಹುಡುಗನ ಕೈ ತಾನಾಗಿ ಕ್ಯಾಮೆರಾಕ್ಕೆ ಹೋಯಿತು. ಮೊದಲು ಕೇಳು ಎಂದೆ.

“ಕಾಕಾ, ಕೇಳಿದ ಮ್ಯಾಲೆ ಆ ಭಾವ ಉಳಿಯೂದಿಲ್ಲ. ಸೆಟೆದು ನಿಲ್ತಾರ. ಮತ್ತ ಅವರದೇನು ನಾವು ಒಯ್ತೀವಿ? ಅವರ ನೀರು ಅಲ್ಲೇ ಇರತದ, ಕೊಡಾ ಅಲ್ಲೇ ಇರತದ.”

ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಳವಾದ ವಸ್ತು ಒಡೆಯನ ಬಳಿ ಇರುವುದಿಲ್ಲ. ಚಿತ್ರ ತೆಗೆದ ಮೇಲೂ ಮುಖ ಅವರಲ್ಲಿಯೇ ಇರುತ್ತದೆ. ಅದೂ ಅಲ್ಲದೆ, ಸರ್ವರಿಗೂ ಸಲ್ಲುವ ವಸ್ತುಗಳಲ್ಲಿ ಗೃಹಸ್ಥನಿಗೆ ಸಡಿಲಿಕೆಯುಂಟು. ಅಮೃತಚಂದ್ರಸೂರಿಗಳ ಪುರುಷಾರ್ಥಸಿದ್ಧ್ಯುಪಾಯವು ಪರರ ಬಾವಿಯ ನೀರು ಮೊದಲಾದುವನ್ನು ಬಿಡಲಾರದವನು ಮಿಕ್ಕ ಅದತ್ತವನ್ನೆಲ್ಲ ಬಿಡಲಿ ಎನ್ನುತ್ತದೆ. ಮರಳಿನ ದಿಬ್ಬ, ಆಕಾಶ, ಸೂರ್ಯಾಸ್ತ ಇವೆಲ್ಲ ಆ ಬಾವಿಯ ನೀರಿನ ಹಾಗೆ ಎಂದುಕೊಳ್ಳಬಹುದು. ಆದರೆ ಆ ಸೀಮೆಯಲ್ಲಿ ನೀರಿಗೇ ಬೀಗವಿದೆ. ಬಾಯಾರಿದವನು ಕೇಳಿದರೆ ತಂಬಿಗೆ ತುಂಬಿ ಕೊಡುತ್ತಾರೆ, ಕೇಳದೆ ಮುಚ್ಚಳಕ್ಕೆ ಕೈ ಹಾಕುವಂತಿಲ್ಲ. ನೀರಿನ ವಿಷಯದಲ್ಲಿಯೇ ಇಷ್ಟು ಮರ್ಯಾದೆಯಿರುವಲ್ಲಿ, ತಲೆಯ ಮೇಲಿನ ಸೆರಗನ್ನು ಕಣ್ಣಿನ ಕೆಳಗಿನವರೆಗೆ ಎಳೆದುಕೊಂಡವರ ಮುಖ ದಾರಿಹೋಕರದಾಗುವುದು ಹೇಗೆ? ಸಮಂತಭದ್ರರು ಮತ್ತೊಬ್ಬರಿಗೆ ಕೊಡುವುದನ್ನೂ ತಡೆದದ್ದು ಇಲ್ಲಿ ನೆನಪಾಗಬೇಕು. ಈಗ ತೆಗೆದ ಚಿತ್ರ ರಾತ್ರಿಯೊಳಗೆ ನೂರು ಮೊಬೈಲುಗಳಿಗೆ ಹಂಚಿಹೋಗುತ್ತದೆ. ತೆಗೆದವನಿಗೇ ಅದು ಎಲ್ಲೆಲ್ಲಿದೆ ಎಂಬುದರ ಅರಿವಿರುವುದಿಲ್ಲ.

ಸೇಠರು ಮುಂದೆ ಹೋಗಿ ಕೈಮುಗಿದು ಕೇಳಿದರು. ಆ ತಾಯಿ ಕೂಡಲೇ ಉತ್ತರಿಸಲಿಲ್ಲ. ಚಿತ್ರವನ್ನು ಎಲ್ಲಿ ಇಡುತ್ತೀರಿ, ಯಾರು ನೋಡುತ್ತಾರೆ ಎಂದು ವಿಚಾರಿಸಿದರು. ಆಮೇಲೆ, ಸೆರಗು ಎಳೆದೇ ಇರುತ್ತದೆ, ಹಟ್ಟಿಯಲ್ಲಿರುವ ಕರುವನ್ನು ತಂದು ಪಕ್ಕದಲ್ಲಿ ನಿಲ್ಲಿಸುತ್ತೇನೆ, ಒಂದು ಪ್ರತಿ ನನಗೂ ಕಳುಹಿಸಬೇಕು ಎಂದು ಮೂರು ಷರತ್ತು ಹಾಕಿದರು. ಕರು ಬರುವಷ್ಟರಲ್ಲಿ ಹಗ್ಗದ ಮೇಲಿನ ಬೆಳಕು ಜಾರಿಹೋಗಿತ್ತು. ಹುಡುಗನಿಗೆ ಬೇಸರವಾದದ್ದು ನಿಜ, ಅದನ್ನು ನಾನು ಮುಚ್ಚಿಡುವುದಿಲ್ಲ. ಕಲೆಯ ದೃಷ್ಟಿಯಿಂದ ಅವನಿಗೆ ಬೇಕಾಗಿದ್ದ ಚಿತ್ರವೇ ಶ್ರೇಷ್ಠವಾಗಿರುತ್ತಿತ್ತು.

ಜೈಸಲ್ಮೇರದ ಕೋಟೆ 1156ರಲ್ಲಿ ರಾವಲ್ ಜೈಸಲನಿಂದ ಸ್ಥಾಪಿತವಾದುದು. ಇಂದಿಗೂ ಅದರೊಳಗೆ ಜನರ ವಾಸವಿದೆ. ಅಲ್ಲಿಯ ಜಿನಾಲಯಗಳ ಶಿಲ್ಪವನ್ನು ವರ್ಣಿಸಲು ಈ ಲೇಖನ ಸಾಲದು. ನಾವು ಹೋದಾಗ ಚರ್ಮದ ವಸ್ತುಗಳನ್ನು ಹೊರಗಿಟ್ಟು, ಕ್ಯಾಮೆರಾಕ್ಕೆ ಪ್ರತ್ಯೇಕ ಚೀಟಿ ಕೊಳ್ಳಬೇಕಾಗಿತ್ತು. ಆ ಚೀಟಿ ಕಂಬಗಳ ಕೆತ್ತನೆಗೆ ಕೊಟ್ಟ ಅನುಮತಿ. ಕಂಬದ ಬುಡದಲ್ಲಿ ಕುಳಿತು ಜಪಮಾಲೆ ಎಣಿಸುತ್ತಿದ್ದ ಅಜ್ಜಿಯ ವಿಷಯದಲ್ಲಿ ಟ್ರಸ್ಟಿಗೂ ಅಧಿಕಾರವಿಲ್ಲ ಎಂಬುದನ್ನು ಅಲ್ಲಿ ಯಾರೂ ಗಮನಿಸಿದಂತೆ ಕಾಣಲಿಲ್ಲ. ದಿಗಂಬರ ಬಿಂಬಗಳನ್ನು ಕಂಡು ಬೆಳೆದ ನಮಗೆ ತೆರೆದ ಕಣ್ಣುಗಳನ್ನು ಜೋಡಿಸಿದ ಆ ಶ್ವೇತಾಂಬರ ಬಿಂಬಗಳು ಹೊಸವು. ಅವುಗಳ ಎದುರಿಗೆ ಕ್ಯಾಮೆರಾ ಎತ್ತಲು ನಮ್ಮ ಹುಡುಗನಿಗೂ ಕೈ ಬರಲಿಲ್ಲ.

ಕೋಟೆಯ ಓಣಿಯೊಂದರಲ್ಲಿ ಜಗಲಿಯ ಮೇಲೆ ಕುಳಿತಿದ್ದ ವೃದ್ಧರನ್ನು ಅವನು ತಾನಾಗಿಯೇ ಕೇಳಿದ. ಅವರು ತಲೆಯಾಡಿಸಿ ಬೇಡವೆಂದರು; ಒಳಗೆ ಕರೆದು ಚಹಾ ಕೊಡಿಸಿದರು. ಗೋಡೆಯ ಮೇಲೆ ಗಂಧದ ಹಾರ ಹಾಕಿದ ಸಣ್ಣ ಚಿತ್ರವೊಂದಿತ್ತು. ಅದು ಅವರ ತಂದೆಯದು. ಎಷ್ಟೋ ವರ್ಷಗಳ ಹಿಂದೆ ಯಾರೋ ದಾರಿಯಲ್ಲಿ ತೆಗೆದುಕೊಂಡು ಹೋದ ಚಿತ್ರ ಮುಂದೆ ಪೋಸ್ಟ್ ಕಾರ್ಡಾಗಿ ಅಂಗಡಿಗೆ ಬಂದಿತಂತೆ. ತಂದೆ ತೀರಿಕೊಂಡಾಗ ಮನೆಯಲ್ಲಿ ಅವರದೊಂದು ಚಿತ್ರವೂ ಇರಲಿಲ್ಲ. ಮಗ ಅಂಗಡಿಗೆ ಹೋಗಿ, ಪ್ರವಾಸಿಗರ ಸಾಲಿನಲ್ಲಿ ನಿಂತು, ದುಡ್ಡು ಕೊಟ್ಟು ಆ ಕಾರ್ಡನ್ನು ಕೊಂಡುಕೊಂಡರು. ಅವರ ಮಾತಿನಲ್ಲಿ ಕೋಪವಿರಲಿಲ್ಲ. ಕಾರ್ಡಿನ ಹಿಂಬದಿಯಲ್ಲಿ ತಂದೆಯ ಹೆಸರಿನ ಬದಲು ‘ಮರುಭೂಮಿಯ ಮನುಷ್ಯ’ ಎಂಬರ್ಥದ ಇಂಗ್ಲಿಷ್ ಅಕ್ಷರಗಳಿವೆಯೆಂದು ಮಾತ್ರ ಹೇಳಿದರು. ಮುಖ ಅವರಲ್ಲಿಯೇ ಉಳಿಯುತ್ತದೆ ಎಂಬ ವಾದವನ್ನು ನಮ್ಮ ಹುಡುಗ ಮತ್ತೆ ಎತ್ತಲಿಲ್ಲ.

ಛಾಯಾಚಿತ್ರವೇ ತ್ಯಾಜ್ಯವೆಂದು ಹೇಳುವವರ ಗುಂಪಿಗೆ ನಾನು ಸೇರಿದವನಲ್ಲ. ಅದೇ ಕೋಟೆಯಲ್ಲಿ, ಹದಿನೈದನೆಯ ಶತಮಾನದಲ್ಲಿ ಜಿನಭದ್ರಸೂರಿಗಳು ನೆಲೆಗೊಳಿಸಿದ ಜ್ಞಾನಭಂಡಾರವಿದೆ. 1874ರಲ್ಲಿ ಜರ್ಮನ್ ಪಂಡಿತ ಬ್ಯೂಲರರು ತರುಣ ಯಾಕೋಬಿಯವರೊಡನೆ ಅಲ್ಲಿಗೆ ಬಂದು ತಾಳೆಗರಿಗಳನ್ನು ನೋಡಿದರು. 1950ರ ಸುಮಾರಿಗೆ ಮುನಿ ಪುಣ್ಯವಿಜಯರು ಅಲ್ಲಿಯೇ ತಂಗಿ, ಬಿಡಿಬಿಡಿಯಾಗಿದ್ದ ಗರಿಗಳನ್ನು ಜೋಡಿಸಿ, ಮುಖ್ಯ ಪ್ರತಿಗಳ ಮೈಕ್ರೋಫಿಲ್ಮ್ ಮಾಡಿಸಿದರು. ಅದೂ ಕ್ಯಾಮೆರಾದ ಕೆಲಸವೇ. ಒಡೆಯರು ಕೊಟ್ಟದ್ದು, ಶ್ರುತದ ರಕ್ಷಣೆಗೆ ಸಂದದ್ದು. ಮೂಡುಬಿದಿರೆಯಲ್ಲಿ ಹಳಗನ್ನಡ ಲಿಪಿಯ ಧವಲಾ ಪ್ರತಿಗಳು ಶತಮಾನಗಳ ಕಾಲ ಹೊರಗಿನವರ ಕಣ್ಣಿಗೆ ಬೀಳದೆ, ಮೊದಲ ಸಂಪುಟ 1939ರಲ್ಲಿ ಅಚ್ಚಾಗುವ ತನಕ ಕಾಯಬೇಕಾದ ಕಥೆಯನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು.

ನಮ್ಮ ಬಸದಿಗಳ ಆಡಳಿತ ಮಂಡಲಿಗಳು ಇಲ್ಲಿ ಸ್ವಲ್ಪ ಯೋಚಿಸಬೇಕು. ‘ಛಾಯಾಚಿತ್ರ ನಿಷೇಧಿಸಿದೆ’ ಎಂಬ ಫಲಕ ಬಾಗಿಲಲ್ಲಿರುತ್ತದೆ, ಆದರೆ ಒಳಗಿರುವ ಬಿಂಬಗಳ ಚಿತ್ರಸಹಿತ ದಾಖಲೆ ಟ್ರಸ್ಟಿನ ಕಪಾಟಿನಲ್ಲಿಯೂ ಇರುವುದಿಲ್ಲ. 1972ರ ಪುರಾತನ ವಸ್ತುಗಳ ಕಾಯಿದೆಯಂತೆ ನೋಂದಣಿ ಮಾಡಿಸುವಾಗ ಛಾಯಾಚಿತ್ರ ಬೇಕೇ ಬೇಕು. 2013ರಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯ ಬಿಂಬಗಳು ಕಳವಾದ ಸುದ್ದಿ ಕೇಳಿ ನಾವೆಲ್ಲ ಕಳವಳಪಟ್ಟೆವು. ಅದಾದ ಮೇಲೆ ಎಷ್ಟು ಹಳ್ಳಿಯ ಬಸದಿಗಳಲ್ಲಿ ಒಂದೊಂದು ಬಿಂಬದ ಮುಂದೆ ಅಳತೆಪಟ್ಟಿ ಇಟ್ಟು ಚಿತ್ರ ತೆಗೆಸಿದ್ದಾರೆ? ಯಾತ್ರಿಕನನ್ನು ತಡೆಯುವುದು ಸುಲಭ. ದಾಖಲೆಯ ಕೆಲಸಕ್ಕೆ ಒಬ್ಬರು ಒಂದು ದಿನವಾದರೂ ಕುಳಿತುಕೊಳ್ಳಬೇಕು.

ಇನ್ನೊಂದು ಮಾತು. ಹಳೆಯ ಫಿಲ್ಮಿನ ಮೇಲೆ ಬೆಳ್ಳಿಯ ಲವಣವನ್ನು ಹಿಡಿದಿಡುತ್ತಿದ್ದುದು ದನಗಳ ಎಲುಬು ಮತ್ತು ಚರ್ಮದಿಂದ ತೆಗೆದ ಜಿಲೆಟಿನ್. 1871ರಲ್ಲಿ ಮ್ಯಾಡಾಕ್ಸ್ ಎಂಬ ಆಂಗ್ಲ ವೈದ್ಯರು ಅದನ್ನು ಸೂಚಿಸಿದ ಮೇಲೆ ಅದಕ್ಕೆ ಸಮನಾದ ಬದಲಿ ದೊರೆಯಲೇ ಇಲ್ಲ. ಚರ್ಮದ ಚೀಲವನ್ನು ಹೊಸ್ತಿಲಾಚೆ ಇಟ್ಟವರೂ ಫಿಲ್ಮನ್ನು ಗರ್ಭಗೃಹದವರೆಗೆ ಒಯ್ದರು, ಏಕೆಂದರೆ ಅದು ಕಾಣುತ್ತಿರಲಿಲ್ಲ. ಈಗಿನ ಡಿಜಿಟಲ್ ಕ್ಯಾಮೆರಾದಲ್ಲಿ ಫಿಲ್ಮಿಲ್ಲ. ಆದರೆ ಬೆಳಕಿನಿಂದ ಅಚ್ಚಾಗುವ ಬಣ್ಣದ ಫೋಟೋ ಕಾಗದದಲ್ಲಿ ಇಂದಿಗೂ ಜಿಲೆಟಿನ್ ಇದೆ. ಊರಿಗೆ ಬಂದ ಮೇಲೆ ನಮ್ಮ ಹುಡುಗ ಇದನ್ನು ವಿಚಾರಿಸಿ ತಿಳಿದುಕೊಂಡು, ಪ್ರತಿಗಳನ್ನು ಸಾದಾ ದಪ್ಪ ಕಾಗದದ ಮೇಲೆ ಶಾಯಿಯ ಯಂತ್ರದಲ್ಲಿ ಮುದ್ರಿಸಿದ. ಬಣ್ಣ ತುಸು ಮಂಕಾಯಿತು.

ಒಟ್ಟು ಹದಿನಾಲ್ಕು ಲಕೋಟೆಗಳು ಹೋದುವು. ಟಾಂಕಾದ ತಾಯಿಯ ಲಕೋಟೆ ಮಾತ್ರ ವಿಳಾಸ ಸಾಲದೆಂಬ ಅಂಚೆಯ ಷರಾದೊಡನೆ ಹಿಂತಿರುಗಿ ಬಂದಿದೆ. ಸೇಠರ ತಮ್ಮಂದಿರು ದೀಪಾವಳಿಗೆ ಫಲೋದಿಗೆ ಹೋಗುವವರಿದ್ದಾರೆ. ಅವರ ಕೈಯಲ್ಲಿ ಕೊಟ್ಟು ಕಳುಹಿಸುವುದೆಂದು ಲಕೋಟೆಯನ್ನು ಹಾಗೆಯೇ ಇಟ್ಟಿದ್ದೇವೆ. ಅಷ್ಟರಲ್ಲಿ ಕರು ದೊಡ್ಡದಾಗಿರಬೇಕು.