ದೂರವೂ ಹೊತ್ತೂ

ಊರು ಎಷ್ಟು ದೂರವೆಂದು ಕೇಳಿದರೆ ಹಿಂದಿನವರು ಹರದಾರಿಯ ಲೆಕ್ಕವನ್ನು ಹೇಳುತ್ತಿದ್ದುದುಂಟು. ಆದರೆ ಬುತ್ತಿ ಕಟ್ಟಿ ಹೊರಡುವವನಿಗೆ ಬೇಕಾದುದು ಬೇರೆಯ ಉತ್ತರ. ಬೆಳಗಿನ ಜಾವದಲ್ಲಿ ಗಾಡಿ ಹೂಡಿದರೆ ದೀಪ ಹಚ್ಚುವ ವೇಳೆಗೆ ಸೇರಬಹುದೆಂದರೆ ಅವನಿಗೆ ಸಮಾಧಾನ. ಮಳೆಗಾಲದಲ್ಲಿ ಹೊಳೆ ತುಂಬಿತೆಂದರೆ ಅದೇ ಊರು ಎರಡು ದಿನದಷ್ಟು ದೂರ ಸರಿಯುತ್ತಿತ್ತು. ನೆಲದ ದೂರ ಒಂದು, ಪಯಣದ ದೂರ ಇನ್ನೊಂದು. ವಿಮಾನವು ಈ ಭೇದವನ್ನು ಅಳಿಸಿಬಿಟ್ಟಿತೆಂದು ತಿಳಿಯುವವರಿದ್ದಾರೆ, ಅದು ಅಳಿಸಿಲ್ಲ.

ಬೆಂಗಳೂರಿಗೂ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೂ ನಡುವಣ ಅಂತರವನ್ನೇ ನೋಡಬಹುದು. ಒಂದೇ ದಿಕ್ಕನ್ನು ಹಿಡಿದು, ಪೂರ್ವಕ್ಕೆ ಶಾಂತಸಾಗರವನ್ನು ದಾಟಿ ಹೋದರೆ ಸುಮಾರು 16,000 ಕಿಲೋಮೀಟರು. ಭೂಗೋಲದ ಮೇಲೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ಉತ್ತರದ ಹಿಮಪ್ರದೇಶವನ್ನು ಹಾಯುತ್ತದೆ. ಆಗ ದೂರ ಸುಮಾರು 14,000 ಮಾತ್ರ. ಧ್ರುವದ ನೆತ್ತಿಯ ಮೇಲೆಯೇ ಹೋದರೂ ಹೆಚ್ಚುವುದು 400 ಕಿಲೋಮೀಟರಿನಷ್ಟೇ. 2021ನೆಯ ಜನವರಿಯಲ್ಲಿ ಜೋಯಾ ಅಗರ್‌ವಾಲ್ ಅವರ ನಾಯಕತ್ವದಲ್ಲಿ ಮಹಿಳೆಯರೇ ನಡೆಸಿದ ಏರ್ ಇಂಡಿಯಾ ವಿಮಾನವು ಈ ಉತ್ತರದ ಹಾದಿಯಿಂದಲೇ ಬೆಂಗಳೂರಿಗೆ ಬಂದಿತು.

ಅದು ಹೊರಟದ್ದು 9ನೆಯ ತಾರೀಖು ಶನಿವಾರ ರಾತ್ರಿ. ಇಳಿದದ್ದು 11ನೆಯ ತಾರೀಖು ಸೋಮವಾರ ಬೆಳಗಿನ ಜಾವ. ಆಕಾಶದಲ್ಲಿ ಕಳೆದದ್ದು ಸುಮಾರು 17 ಗಂಟೆ. ಕ್ಯಾಲೆಂಡರು ಮುಂದುವರಿದದ್ದು ಎರಡು ದಿನ. ಚಳಿಗಾಲದಲ್ಲಿ ಎರಡೂರುಗಳ ಗಡಿಯಾರಗಳಿಗೆ ಹದಿಮೂರೂವರೆ ಗಂಟೆಗಳ ಅಂತರವಿರುವುದೇ ಇದಕ್ಕೆ ಕಾರಣ. ಬೆಂಗಳೂರಿನಿಂದ ಮಧ್ಯಾಹ್ನ ಹೊರಟವನು ಅಷ್ಟೇ ಹೊತ್ತು ಹಾರಿದರೂ ಅದೇ ದಿನದ ಸಾಯಂಕಾಲ ಅಲ್ಲಿ ಇಳಿಯುವನು. ಹೋಗುವಾಗ ಕೊಟ್ಟ ಸಾಲವನ್ನು ಕಾಲವು ಬರುವಾಗ ವಸೂಲು ಮಾಡುತ್ತದೆ. ಇದರ ಮೇಲೆ ಗಾಳಿಯದೊಂದು ಲೆಕ್ಕ. ಮೇಲಿನ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾಗಿ ಬೀಸುವ ಗಾಳಿಯು ಬೆನ್ನಿಗೆ ಸಿಕ್ಕಿದರೆ ಉದ್ದನೆಯ ಹಾದಿಯೇ ಬೇಗ ಮುಗಿಯುವುದೂ ಉಂಟು.

ಇದು ಪಾಠಶಾಲೆಯ ಲೆಕ್ಕವಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಇಂದು ಕನ್ನಡ ನಾಡಿನ ಎಷ್ಟೋ ಮನೆಗಳಲ್ಲಿ ವೃದ್ಧ ತಂದೆತಾಯಿಗಳು ಇಲ್ಲಿ, ಮಕ್ಕಳು ಅಲ್ಲಿ. ಮಗನ ಧ್ವನಿ ಕ್ಷಣದಲ್ಲಿ ಕೇಳಿಸುತ್ತದೆ, ಮುಖವೂ ಕಾಣಿಸುತ್ತದೆ; ದೂರವೇ ಇಲ್ಲವೆಂಬ ಭ್ರಮೆಗೆ ಅಷ್ಟು ಸಾಕು. ತಂದೆ ಹಾಸಿಗೆ ಹಿಡಿದ ದಿನ ಆ ಭ್ರಮೆ ಹರಿಯುತ್ತದೆ. ಟಿಕೆಟ್ಟು ದೊರೆಯಬೇಕು, ನಿಲ್ದಾಣದಲ್ಲಿ ಕಾಯಬೇಕು, ನಡುವಣ ಯಾವುದೋ ನಗರದಲ್ಲಿ ಇಳಿದು ಮತ್ತೊಂದು ವಿಮಾನ ಹತ್ತಬೇಕು, ದೇವನಹಳ್ಳಿಯಿಂದ ಶಿರಸಿಗೋ ತೀರ್ಥಹಳ್ಳಿಗೋ ರಾತ್ರಿಯೆಲ್ಲ ಮೋಟಾರಿನಲ್ಲಿ ಸಾಗಬೇಕು. ಇಷ್ಟರಲ್ಲಿ ಆಗಬಾರದ್ದು ಆಗಿಹೋದರೆ, ಅಂಗಳದಲ್ಲಿ ನೆರೆದ ಹಿರಿಯರು ತಗ್ಗಿದ ದನಿಯಲ್ಲಿ ಕೇಳುವುದು ಒಂದೇ ಮಾತು: "ಮಗ ಎಷ್ಟು ಹೊತ್ತಿಗೆ ಬಂದಾನು?" ಆಗ ಕಿಲೋಮೀಟರುಗಳನ್ನು ಯಾರೂ ಕೇಳುವುದಿಲ್ಲ. ಒಳಗೆ ದೀಪಕ್ಕೆ ಎಣ್ಣೆ ಹೊಯ್ಯುತ್ತ ಕುಳಿತ ತಾಯಿಯಂತೂ ಎಣಿಸುವುದು ಗಂಟೆಗಳನ್ನೇ.